ಹೆಸರಿಲ್ಲದ ತಮಾಷೆ ತಟ್ಟೆಯ ಜಾಡು ಹಿಡಿಯುವುದು ಹೇಗೆ?

ನನ್ನ ಹತ್ತಿರ ಏಳಿಂಚಿನ ಒಂದು ಗ್ರಾಮಫೋನ್ ತಟ್ಟೆ ಇದೆ. ಅದರ ಒಂದು ಬದಿಯಲ್ಲಿ ಯಾರೋ ಒಬ್ಬ ಎರಡು ನಿಮಿಷ ಕೋಳಿಯ ಹಾಗೆ ಕೊಕ್ಕೊಕ್ಕೋ ಅಂತ ಹಾಡುತ್ತಾನೆ. ಹಿಂದೆ ಒಂದು ಅಕಾರ್ಡಿಯನ್. ಇನ್ನೊಂದು ಬದಿಯಲ್ಲೂ ಅದೇ ಕೋಳಿ, ಈ ಸಲ ಅಳುತ್ತಾ. ಲೇಬಲ್ ಮೇಲೆ ಹಾಡಿನ ಹೆಸರು, ಅದರ ಕೆಳಗೆ ಆವರಣದಲ್ಲಿ ಒಂದು ಅಡ್ಡಹೆಸರು, ಬದಿಗೆ ಒಂದು ನಂಬರ್. ಅಷ್ಟೇ. ಊರಿಲ್ಲ, ವರ್ಷವಿಲ್ಲ, ಹಾಡಿದವನ ಹೆಸರೂ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸೊನ್ನೆ.

ನಾವೆಲ್ಟಿ ರೆಕಾರ್ಡ್ ಎಂದು ಕರೆಯುವ ಈ ತಮಾಷೆ ತಟ್ಟೆಗಳ ಕಥೆ ಸಾಮಾನ್ಯವಾಗಿ ಹೀಗೇ. ಯಾರೋ ಸ್ವಂತ ದುಡ್ಡಿನಲ್ಲಿ ಒಂದಿಷ್ಟು ಪ್ರತಿ ಒತ್ತಿಸಿರುತ್ತಾರೆ. ಹಾಡಿದವರು ನಾಚಿಕೆಗೋ ಒಪ್ಪಂದದ ಭಯಕ್ಕೋ ಕಳ್ಳಹೆಸರು ಇಟ್ಟುಕೊಂಡಿರುತ್ತಾರೆ. ಹಾಗಾಗಿ ಇಲ್ಲಿ ಲೇಬಲ್‌ನ ಮಾತನ್ನು ಕೊನೆಗೆ ಕೇಳಬೇಕು. ಮೊದಲು ತಟ್ಟೆಯನ್ನೇ ನೋಡಬೇಕು, ಆಮೇಲೆ ಸರ್ಕಾರಿ ಕಾಗದ. 'ಮೂಲ' ಅನ್ನುವುದೂ ಒಂದೇ ಪ್ರಶ್ನೆ ಅಲ್ಲ. ಬರೆದವರು ಯಾರು, ಹಾಡಿದವರು ಯಾರು, ಒತ್ತಿದ್ದು ಯಾವ ಕಾರ್ಖಾನೆ, ದುಡ್ಡು ಕೊಟ್ಟವರು ಯಾರು? ನಾಲ್ಕಕ್ಕೂ ಉತ್ತರ ಬೇರೆ ಬೇರೆ ಕಡೆ ಸಿಗುತ್ತದೆ.

ಮೊದಲು: ಮುಳ್ಳು ಇಡಬೇಡಿ

ತಟ್ಟೆ ಕೈಗೆ ಬಂದ ತಕ್ಷಣ ಹಾಕಿ ಕೇಳುವ ಆಸೆ ಆಗುತ್ತದೆ. ಸ್ವಲ್ಪ ತಡೆಯಿರಿ. ಅದು ಯಾವುದರಿಂದ ಮಾಡಿದ್ದು ಅಂತ ಮೊದಲು ಗೊತ್ತಾಗಬೇಕು.

ಭಾರವಾಗಿ, ಗಡುಸಾಗಿ, ಬಿದ್ದರೆ ಚೂರಾಗುವಂತಿದ್ದರೆ ಅದು ಷೆಲ್ಲಾಕ್, ಅಂದರೆ ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು. ಇದನ್ನು ಸ್ಪಿರಿಟ್ ಅಥವಾ ಆಲ್ಕೋಹಾಲ್ ಇರುವ ಯಾವ ದ್ರಾವಣದಿಂದಲೂ ಒರೆಸಬೇಡಿ, ಅರಗು ಕರಗುತ್ತದೆ. ಇದಕ್ಕೆ ಬೇಕಾದ ಮುಳ್ಳೂ ಬೇರೆ. 78ರ ಗೆರೆಗೆ ಸುಮಾರು 76 ಮೈಕ್ರಾನ್ ತುದಿಯ ಮುಳ್ಳು ಬೇಕು. ಹಳೆಯ ಮೊನೊ (ಸ್ಟೀರಿಯೊ ಅಲ್ಲದ) ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ತಟ್ಟೆ, ಮತ್ತು 45, ಅಂದರೆ ನಿಮಿಷಕ್ಕೆ 45 ಸುತ್ತಿನ ಚಿಕ್ಕ ತಟ್ಟೆ, ಇವಕ್ಕೆ ಸುಮಾರು 25 ಮೈಕ್ರಾನ್ ಸಾಕು.

ಹಗುರವಾಗಿದ್ದು, ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅಂತ ಪ್ಲಾಸ್ಟಿಕ್ ಡಬ್ಬಿಯ ಸದ್ದು ಬಂದರೆ ಅದು ಸ್ಟೈರೀನ್ ಇರಬಹುದು. ಅಮೆರಿಕದ ಎಷ್ಟೋ 45ಗಳು ಸ್ಟೈರೀನ್‌ನವು. ಇವುಗಳಲ್ಲಿ ಲೇಬಲ್ ತಟ್ಟೆಯ ಜೊತೆ ಒತ್ತಿರುವುದಿಲ್ಲ, ಮೇಲೆ ಅಂಟಿಸಿರುತ್ತಾರೆ ಅಥವಾ ನೇರ ಮುದ್ರಿಸಿರುತ್ತಾರೆ. ಸವೆದ ಮುಳ್ಳಿಟ್ಟರೆ ಗೆರೆ ಬೇಗ ಹಾಳಾಗುತ್ತದೆ.

ಕಪ್ಪು ಮೆರುಗು, ಅಂಚಿನಲ್ಲಿ ಬೆಳ್ಳಗೆ ಲೋಹ ಇಣುಕುತ್ತಿದೆ, ನಡುವಿನ ತೂತಿನ ಪಕ್ಕ ಇನ್ನೊಂದು ಚಿಕ್ಕ ತೂತು ಇದೆ ಅಂದರೆ ಹುಷಾರು. ಅದು ಅಸಿಟೇಟ್. ಅಲ್ಯೂಮಿನಿಯಂ ಹಾಳೆಯ ಮೇಲೆ ಲ್ಯಾಕರ್ ಹಚ್ಚಿ, ಒಂದೊಂದಾಗಿ ಕೆತ್ತಿದ ತಟ್ಟೆ. ಜಗತ್ತಿನಲ್ಲಿ ಅದೊಂದೇ ಪ್ರತಿ ಇರಬಹುದು, ಮತ್ತು ಪ್ರತಿ ಸಲ ಹಾಕಿದಾಗಲೂ ಒಂದಿಷ್ಟು ಸವೆಯುತ್ತದೆ. ಮೇಲೆ ಬಿಳಿ ಜಿಡ್ಡಿನ ಪುಡಿ ಕಂಡರೆ ಅದು ಬೂಷ್ಟಲ್ಲ, ಲ್ಯಾಕರ್ ಒಳಗಿಂದ ಹೊರಬಂದ ಕೊಬ್ಬಿನ ಆಮ್ಲ. ಇಂಥದ್ದನ್ನು ತಿಳಿದವರ ಕೈಗೆ ಕೊಟ್ಟು ಒಂದೇ ಸಲ ಡಿಜಿಟಲ್ ಮಾಡಿಸಿ.

ಇನ್ನು ತೆಳ್ಳಗೆ ಬಳುಕುವ ಫ್ಲೆಕ್ಸಿ, ಸಿರಿಯಲ್ ಡಬ್ಬಿಯಿಂದ ಕತ್ತರಿಸಿದ ರಟ್ಟು, ಎಕ್ಸ್‌ರೇ ಫಿಲಂ ಮೇಲೆ ಕೆತ್ತಿದ್ದು, ಇಂಥ ವಿಚಿತ್ರಗಳೂ ಸಿಗುತ್ತವೆ. ರೂಪವೇ ಇಲ್ಲಿ ದೊಡ್ಡ ಸುಳಿವು. ಎಕ್ಸ್‌ರೇ ಮೇಲಿನ ಹಾಡು ಅಂದರೆ ಬಹುಶಃ ಸೋವಿಯತ್ ಕಾಲದ ಕಳ್ಳಪ್ರತಿ. ಹತ್ತಿಂಚಿನ 78ರ ಮೇಲೆಲ್ಲಾ ಬಣ್ಣದ ಚಿತ್ರ, ಒಳಗೆ ಅಲ್ಯೂಮಿನಿಯಂ ಇದ್ದರೆ ಅದು ಬಹುಶಃ 1946-47ರ ಸುಮಾರಿಗೆ ಡೆಟ್ರಾಯಿಟ್‌ನಲ್ಲಿ ತಯಾರಾದ ವೋಗ್. ಸ್ಟೋಲ್‌ವೆರ್ಕ್ ಎಂಬ ಜರ್ಮನ್ ಕಂಪನಿ 1903ರಲ್ಲಿ ಚಾಕೊಲೇಟಿನಲ್ಲೇ ತಟ್ಟೆ ಮಾಡಿ ಮಾರಿತ್ತು. ಅದರ ಪ್ರತಿಗಳು ಯಾಕೆ ಅಪರೂಪ ಅಂತ ಹೇಳಬೇಕಾಗಿಲ್ಲ ಅಲ್ವಾ!

ಇನ್ನೊಂದು ಮಾತು. ತಟ್ಟೆ ಯಾರ ಕೈಯಿಂದ ಬಂತು, ಅದೇ ಪೆಟ್ಟಿಗೆಯಲ್ಲಿ ಇನ್ನೇನಿತ್ತು ಅಂತ ಕೊಳ್ಳುವಾಗಲೇ ಕೇಳಿ ಬರೆದಿಡಿ. ಪಕ್ಕದ ತಟ್ಟೆಗಳ ಮೇಲೆ ಯಾವುದೋ ರೇಡಿಯೊ ಕೇಂದ್ರದ ರಬ್ಬರ್ ಸ್ಟಾಂಪ್ ಇರಬಹುದು. ಮನೆಗೆ ಬಂದ ಮೇಲೆ ಆ ಮಾಹಿತಿ ಎಲ್ಲಿಂದಲೂ ಸಿಗುವುದಿಲ್ಲ.

ಡೆಡ್ ವ್ಯಾಕ್ಸ್ ಓದುವುದು

ಹಾಡು ಮುಗಿದ ಮೇಲೆ, ಕೊನೆಯ ಗೆರೆಗೂ ಲೇಬಲ್‌ಗೂ ನಡುವೆ ಒಂದು ಖಾಲಿ ಪಟ್ಟಿ ಇರುತ್ತದಲ್ಲ, ಅದನ್ನೇ ಡೆಡ್ ವ್ಯಾಕ್ಸ್ ಅಥವಾ ರನ್‌ಔಟ್ ಅನ್ನುತ್ತಾರೆ. ಮುಕ್ಕಾಲು ಕೆಲಸ ಆಗುವುದು ಇಲ್ಲೇ. ಇಲ್ಲಿ ಕಾರ್ಖಾನೆಯವರು ತಮಗಾಗಿ ಕೆತ್ತಿಕೊಂಡ ಗುರುತುಗಳಿವೆ. ಗಿರಾಕಿಗೆ ತೋರಿಸುವ ಉದ್ದೇಶವೇ ಇರಲಿಲ್ಲವಾದ್ದರಿಂದ ಸುಳ್ಳು ಹೇಳುವ ಅಗತ್ಯವೂ ಅವರಿಗೆ ಇರಲಿಲ್ಲ.

ರೂಮಿನ ಲೈಟ್ ಆರಿಸಿ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ತಂದು, ಟಾರ್ಚನ್ನು ಪಕ್ಕದಿಂದ, ಬಹುತೇಕ ಮೇಲ್ಮೈಗೆ ಸಮನಾಗಿ ಹಿಡಿಯಿರಿ. ನಿಧಾನಕ್ಕೆ ತಿರುಗಿಸಿ. ಮೇಲಿಂದ ಏನೂ ಕಾಣದ ಜಾಗದಲ್ಲಿ ಅಕ್ಷರಗಳು ನೆರಳಿನ ಹಾಗೆ ಎದ್ದು ಬರುತ್ತವೆ. ಕಂಡದ್ದನ್ನೆಲ್ಲ ಕಂಡ ಹಾಗೇ ಬರೆದುಕೊಳ್ಳಿ: ನಂಬರ್, ಅಕ್ಷರ, ತ್ರಿಕೋನ, ನಕ್ಷತ್ರ, ಹೊಡೆದು ಹಾಕಿದ ಅಂಕಿ, ಎಲ್ಲ. ಕೈಯಲ್ಲಿ ಕೊರೆದದ್ದೋ ಅಚ್ಚು ಒತ್ತಿದ್ದೋ ಅನ್ನುವುದನ್ನೂ ಬರೆಯಿರಿ. ಎರಡೂ ಬದಿ ನೋಡಿ. ಫೋನಿನ ಕ್ಯಾಮೆರಾದಲ್ಲಿ ನಾಲ್ಕು ಕೋನದಿಂದ ಫೋಟೊ ತೆಗೆದಿಡಿ.

ಈಗ ಅವುಗಳ ಅರ್ಥ. ಎಲ್ಲವನ್ನೂ ಇಲ್ಲಿ ಹೇಳಲಾಗದು. ನನಗೆ ಜಾಸ್ತಿ ಉಪಯೋಗಕ್ಕೆ ಬಂದವು ಇವು.

ಅಮೆರಿಕದ ಆರ್‌ಸಿಎ ಕಂಪನಿ ತನ್ನ ಹಾಡುಗಳನ್ನಷ್ಟೇ ಅಲ್ಲ, ದುಡ್ಡು ಕೊಟ್ಟ ಯಾರ ತಟ್ಟೆಯನ್ನಾದರೂ ಒತ್ತಿಕೊಡುತ್ತಿತ್ತು. ಅದರ ಮ್ಯಾಟ್ರಿಕ್ಸ್ ನಂಬರಿನ, ಅಂದರೆ ಡೆಡ್ ವ್ಯಾಕ್ಸ್‌ನಲ್ಲಿ ಆ ಬದಿಯ ಗುರುತಿಗೆ ಹಾಕಿದ ನಂಬರಿನ, ಮೊದಲ ಅಕ್ಷರವೇ ವರ್ಷ. 1955ಕ್ಕೆ ಎಫ್, 1956ಕ್ಕೆ ಜಿ, 1957ಕ್ಕೆ ಎಚ್, 1958ಕ್ಕೆ ಜೆ, 1959ಕ್ಕೆ ಕೆ, 1960ಕ್ಕೆ ಎಲ್, 1961ಕ್ಕೆ ಎಂ, 1962ಕ್ಕೆ ಎನ್, 1963ಕ್ಕೆ ಪಿ, 1964ಕ್ಕೆ ಆರ್, ಹೀಗೆ ಸಾಗುತ್ತದೆ. ಒಂದು, ಸೊನ್ನೆ ಅಂತ ಗೊಂದಲ ಆಗಬಾರದೆಂದೋ ಏನೋ, ಐ, ಓ ಮತ್ತು ಕ್ಯೂ ಅಕ್ಷರಗಳನ್ನು ಬಿಟ್ಟಿದ್ದಾರೆ.

ನನ್ನ ಕೋಳಿ ತಟ್ಟೆಯಲ್ಲಿ ಮೊದಲ ಅಕ್ಷರವನ್ನು ನಾನು ಐ ಅಂತ ಓದಿ, ಒಂದು ವಾರ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಪಟ್ಟಿಯಲ್ಲಿ ಐ ಇಲ್ಲವೇ ಇಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಟಾರ್ಚ್ ಹಿಡಿದೆ. ಅಕ್ಷರದ ಬುಡದಲ್ಲಿ ಒಂದು ಗೀರು ಬಿದ್ದಿತ್ತು. ಅದರ ಅಡಿಯಲ್ಲಿ ಎಲ್‌ನ ಪುಟ್ಟ ಕಾಲು ಅಡಗಿತ್ತು. ಅಲ್ಲಿಗೆ 1960 ಅಂತ ಆಯಿತು.

ಒಂದು ಚಿಕ್ಕ ತ್ರಿಕೋನ, ಅದರ ಮುಂದೆ ನಂಬರ್ ಇದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಗುರುತು. ಜೊತೆಗೆ ವೃತ್ತದೊಳಗೆ ಎಂಆರ್ ಅಂತಲೂ ಇರಬಹುದು. ಈ ನಂಬರ್ ಕೆಲಸ ಬಂದ ಕ್ರಮದಲ್ಲಿ ಏರುತ್ತಾ ಹೋಗುತ್ತದೆ. ಇದರಿಂದ ದಿನಾಂಕ ತೆಗೆಯುವ ಉಪಾಯ ಸುಲಭ. ನಿಮ್ಮ ನಂಬರಿಗಿಂತ ಸ್ವಲ್ಪ ಹಿಂದಿನ ಮತ್ತು ಸ್ವಲ್ಪ ಮುಂದಿನ ನಂಬರಿರುವ, ಬಿಡುಗಡೆಯ ತಿಂಗಳು ಗೊತ್ತಿರುವ ತಟ್ಟೆಗಳನ್ನು ಹುಡುಕಿ. ನಿಮ್ಮದು ಅವೆರಡರ ನಡುವೆ ಎಲ್ಲೋ ಇದೆ. ಅಕ್ಕಪಕ್ಕದವರನ್ನು ಕೇಳಿ ಮನೆ ಪತ್ತೆ ಮಾಡಿದ ಹಾಗೆ. ಸರಣಿ ನಂಬರ್ ಇಟ್ಟ ಯಾವ ಕಾರ್ಖಾನೆಗೂ ಈ ಉಪಾಯ ನಡೆಯುತ್ತದೆ. ಖಾಸಗಿ ಗಿರಾಕಿಗಳಿಗೆ ಒತ್ತಿಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ ಸಿನ್ಸಿನಾಟಿಯ ರೈಟ್ ರೆಕಾರ್ಡ್ಸ್‌ಗೂ ಅಷ್ಟೇ.

ಬ್ರಿಟಿಷ್ ತಟ್ಟೆಯಾದರೆ ಆಟ ಬೇರೆ. ಹೇಯ್ಸ್‌ನಲ್ಲಿದ್ದ ಇಎಂಐ ಕಾರ್ಖಾನೆ ಸ್ಟಾಂಪರ್ ಅಚ್ಚಿನ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯದೆ ಅಕ್ಷರಗಳಲ್ಲಿ ಬರೆಯುತ್ತಿತ್ತು. ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ, ಇವು ಕ್ರಮವಾಗಿ 1ರಿಂದ 9, ಕೊನೆಗೆ 0. ಗ್ರಾಮಫೋನ್ ಲಿಮಿಟೆಡ್ ಅನ್ನುವುದರ ಚುಟುಕು ರೂಪ ಅದು. ಇನ್ನೊಂದು ಬ್ರಿಟಿಷ್ ಕಂಪನಿ ಡೆಕ್ಕಾದವರು ಇದೇ ಕೆಲಸಕ್ಕೆ ಬಕಿಂಗ್‌ಹ್ಯಾಮ್ ಪದದ ಹತ್ತು ಅಕ್ಷರ ಬಳಸಿದರು. ಇಎಂಐ ತಟ್ಟೆಯಲ್ಲಿ ಒಂಟಿ ಜಿ ಅಥವಾ ಆರ್ ಕಂಡರೆ ಮೊದಮೊದಲ ಅಚ್ಚಿನ ಪ್ರತಿ ಅಂತ ಲೆಕ್ಕ.

ಲೇಬಲ್ ಮೇಲಿನ ಚಿಲ್ಲರೆ ಅಕ್ಷರ

ಈಗ ಲೇಬಲ್ ನೋಡಬಹುದು. ಆದರೆ ದೊಡ್ಡ ಅಕ್ಷರ ಬಿಡಿ, ಅಂಚಿನ ಸಣ್ಣ ಅಕ್ಷರ ಓದಿ.

ಅಮೆರಿಕದ ವಿಳಾಸವಿದ್ದರೆ ಅದೃಷ್ಟ. 'ನ್ಯೂಯಾರ್ಕ್ 19' ಅಂತ ಊರಿನ ಮುಂದೆ ಒಂದೆರಡು ಅಂಕಿ ಇದ್ದರೆ ಅದು 1943ರಿಂದ 1963ರವರೆಗಿನ ಅಂಚೆ ವಲಯದ ಪದ್ಧತಿ. 1963ರ ಜುಲೈನಲ್ಲಿ ಐದಂಕಿಯ ಜಿಪ್ ಕೋಡ್ ಬಂತು. ಅದೇ ವಿಳಾಸ ಆಮೇಲೆ 'ನ್ಯೂಯಾರ್ಕ್ 10019' ಆಯಿತು. ಹಳೆಯ ಲೇಬಲ್ ಹಾಳೆ ಮುಗಿಯುವವರೆಗೆ ಬಳಸುವವರೂ ಇದ್ದರು, ಹಾಗಾಗಿ ಒಂದೆರಡು ವರ್ಷ ಸಡಿಲ ಬಿಡಿ.

ಬಿಎಂಐ (ಹಾಡು ಬರೆದವರಿಗೆ ರಾಯಲ್ಟಿ ಕೊಡಿಸುವ ಅಮೆರಿಕದ ಸಂಸ್ಥೆ) ಅಂತ ಇದ್ದರೆ 1939ರ ನಂತರದ್ದು, ಆ ಸಂಸ್ಥೆ ಹುಟ್ಟಿದ್ದೇ ಆಗ. 33⅓ ಸುತ್ತಿನ ಎಲ್‌ಪಿ ಬಂದದ್ದು 1948ರಲ್ಲಿ, 45 ಬಂದದ್ದು 1949ರಲ್ಲಿ. ಸ್ಟೀರಿಯೊ ತಟ್ಟೆ ಮಾರುಕಟ್ಟೆಗೆ ಬಂದದ್ದು 1957-58ರಲ್ಲಿ. ಧ್ವನಿಮುದ್ರಣದ ಹಕ್ಕು ತೋರಿಸುವ, ವೃತ್ತದೊಳಗಿನ ಪಿ ಗುರುತು 1961ರ ರೋಮ್ ಒಪ್ಪಂದದ ಕೂಸು. ಅಮೆರಿಕದ ತಟ್ಟೆಯಲ್ಲಿ ಅದು ಕಂಡರೆ 1972ರ ಆಸುಪಾಸು ಅಥವಾ ಆಮೇಲಿನದು, ಏಕೆಂದರೆ ಅಲ್ಲಿ ಧ್ವನಿಮುದ್ರಣಕ್ಕೆ ಕೇಂದ್ರ ಕಾನೂನಿನ ಕಾಪಿರೈಟ್ ಸಿಕ್ಕಿದ್ದು ಆ ವರ್ಷದ ಫೆಬ್ರವರಿ 15ರಿಂದ. ಬ್ರಿಟಿಷ್ ಲೇಬಲ್ ಮೇಲೆ ಒತ್ತಿದ ಎರಡಕ್ಷರದ ತೆರಿಗೆ ಗುರುತಿದ್ದರೆ ಅದು 1973ಕ್ಕಿಂತ ಹಿಂದಿನದು. ಆ ವರ್ಷ ವ್ಯಾಟ್ ಬಂದು ಹಳೆಯ ಪರ್ಚೇಸ್ ಟ್ಯಾಕ್ಸ್ ಹೋಯಿತು.

ಈಗ ಕೇಳಿ, ಆದರೆ ಕಿವಿಯ ಜೊತೆ ಪೆನ್ಸಿಲ್ಲೂ ಇರಲಿ

ಒಂದು ಸಲ ಹಾಕಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಫೈಲ್ ಮೇಲೆ.

ತಮಾಷೆ ಹಳೆಯದಾದಷ್ಟೂ ಅದರ ಕಾಲ ಹಿಡಿಯುವುದು ಸುಲಭ. ಚುನಾವಣೆ, ಉಪಗ್ರಹ, ಹೊಸ ನೃತ್ಯ, ಟಿವಿ ಕಾರ್ಯಕ್ರಮ, ಯಾವುದರ ಹೆಸರು ಬಂದರೂ ಬರೆದುಕೊಳ್ಳಿ. ಬ್ರೇಕ್-ಇನ್ ಎನ್ನುವ ಬಗೆಯ ತಟ್ಟೆಯಲ್ಲಿ ಇದು ಇನ್ನೂ ಸಲೀಸು. ವರದಿಗಾರ ಪ್ರಶ್ನೆ ಕೇಳುತ್ತಾನೆ, ಉತ್ತರವಾಗಿ ಆಗಿನ ಹಿಟ್ ಹಾಡಿನ ಒಂದು ತುಣುಕು ಬರುತ್ತದೆ. 1956ರಲ್ಲಿ ಬುಕಾನನ್ ಮತ್ತು ಗುಡ್‌ಮನ್ ಜೋಡಿ ಹಾರುವ ತಟ್ಟೆಯ ಸುದ್ದಿ ಮಾಡಿ ಗೆದ್ದ ಮೇಲೆ ಇದರ ಅನುಕರಣೆಗಳು ಸಾಲುಸಾಲಾಗಿ ಬಂದವು. ತುಣುಕುಗಳ ಪಟ್ಟಿ ಮಾಡಿ. ಅವುಗಳಲ್ಲಿ ಎಲ್ಲಕ್ಕಿಂತ ಹೊಸ ಹಾಡು ಯಾವುದೋ, ನಿಮ್ಮ ತಟ್ಟೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಸಾಮಾನ್ಯವಾಗಿ ಅದಾದ ಕೆಲವೇ ವಾರಗಳಲ್ಲಿ ಬಂದಿರುತ್ತದೆ. ತಂಗಳು ತುಣುಕಿಗೆ ಯಾರು ನಗುತ್ತಾರೆ?

ಕೀಚಲು ಅಳಿಲಿನ ದನಿ ಕೇಳಿಸಿದರೆ ಫೈಲನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ. ಟೇಪನ್ನು ನಿಧಾನಕ್ಕೆ ಓಡಿಸಿ ಹಾಡಿ, ಆಮೇಲೆ ದುಪ್ಪಟ್ಟು ವೇಗದಲ್ಲಿ ಹಾಕುವ ಈ ತಂತ್ರದಿಂದ ಅಮೆರಿಕದ ರಾಸ್ ಬಾಗ್ದಸಾರಿಯನ್ 1958ರಲ್ಲಿ ದೊಡ್ಡ ಹೆಸರು ಮಾಡಿದರು. ಆಮೇಲೆ ಎಲ್ಲರೂ ಹಿಡಿದುಕೊಂಡರು. ಅರ್ಧ ವೇಗದಲ್ಲಿ ಅಳಿಲಿನ ಒಳಗಿಂದ ಒಬ್ಬ ಮಾಮೂಲಿ ಗಾಯಕ ಹೊರಗೆ ಬರುತ್ತಾನೆ. ಆ ದನಿಯನ್ನು ಅದೇ ಲೇಬಲ್‌ನ, ಅಂದರೆ ಅದೇ ಕಂಪನಿಯ ಹೆಸರಿನ, ಬೇರೆ ತಟ್ಟೆಗಳ ಜೊತೆ ಹೋಲಿಸಿ ನೋಡಿ.

ಮುಳ್ಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟೂ ನೋಡಿ. ಒಂದೇ ಬದಿಯಲ್ಲಿ ಎರಡು ಮೂರು ಗೆರೆಗಳನ್ನು ಹೆಣೆದು, ಪ್ರತಿ ಸಲ ಬೇರೆ ಹಾಡು ಬರುವಂತೆ ಮಾಡಿದ ತಟ್ಟೆಗಳಿವೆ. 1973ರಲ್ಲಿ ಮಾಂಟಿ ಪೈಥನ್ ಎಂಬ ಬ್ರಿಟಿಷ್ ಹಾಸ್ಯ ತಂಡದವರು ಹೀಗೆ 'ಮೂರು ಬದಿ'ಯ ಎಲ್‌ಪಿ ಮಾಡಿದ್ದರು.

ಆವರಣದೊಳಗಿನ ಅಡ್ಡಹೆಸರು

ಹಾಡಿದವರ ಹೆಸರು ಸುಳ್ಳಿರಬಹುದು, ಆವರಣದಲ್ಲಿರುವ ಬರೆದವರ ಹೆಸರು ಸುಳ್ಳಾಗುವುದು ಕಡಿಮೆ. ಯಾಕೆಂದರೆ ರಾಯಲ್ಟಿ ಹೋಗುವುದು ಆ ಹೆಸರಿಗೆ. ಅಮೆರಿಕದ ಹಾಡಾದರೆ ಎರಡು ಕಡೆ ನೋಡಿ. ಒಂದು, ಬಿಎಂಐ ಮತ್ತು ಅದೇ ಬಗೆಯ ಸಂಸ್ಥೆಯಾದ ಆಸ್ಕ್ಯಾಪ್ ಸೇರಿ ನಡೆಸುವ ಸಾಂಗ್‌ವ್ಯೂ ಎಂಬ ಆನ್‌ಲೈನ್ ಪಟ್ಟಿ. ಉಚಿತ, ಹಾಡಿನ ಹೆಸರು ಹಾಕಿದರೆ ಸಾಕು. ಇನ್ನೊಂದು, ನನ್ನ ಪ್ರಕಾರ ಚಿನ್ನದ ಗಣಿ: ಅಮೆರಿಕದ ಕಾಪಿರೈಟ್ ಕಚೇರಿ ಅಚ್ಚು ಹಾಕಿಸುತ್ತಿದ್ದ ನೋಂದಣಿ ಪಟ್ಟಿ, 'ಕ್ಯಾಟಲಾಗ್ ಆಫ್ ಕಾಪಿರೈಟ್ ಎಂಟ್ರೀಸ್'. 1891ರಿಂದ 1977ರವರೆಗಿನ ಸಂಪುಟಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಸಂಗೀತಕ್ಕೆ ಬೇರೆ ಭಾಗ ಇದೆ. 1978ರಿಂದ ಮುಂದಿನದು ಕಚೇರಿಯ ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತದೆ.

ನೋಂದಣಿ ನಂಬರಿನ ಮೊದಲಲ್ಲಿ ಇಯು ಇದ್ದರೆ ಅಚ್ಚಾಗದ ಹಸ್ತಪ್ರತಿಯಾಗಿ ನೋಂದಾಯಿಸಿದ್ದು, ಇಪಿ ಇದ್ದರೆ ಪ್ರಕಟವಾದದ್ದು. ತಮಾಷೆ ಹಾಡುಗಳು ಬಹಳಷ್ಟು ಇಯು. ತಟ್ಟೆ ಬರುವ ಮುಂಚೆಯೇ ನೋಂದಣಿ ಆಗಿರುತ್ತದೆ, ಹಾಗಾಗಿ ಒಂದೆರಡು ವರ್ಷ ಹಿಂದಕ್ಕೂ ಹುಡುಕಿ. ನನ್ನ ಕೋಳಿ ಹಾಡು ಸಿಕ್ಕಿದ್ದು 1960ರಲ್ಲಿ ಅಲ್ಲ, 1959ರಲ್ಲಿ. ಅಡ್ಡಹೆಸರಿಗೆ ಪೂರ್ತಿ ಹೆಸರು ಬಂತು.

ಇಲ್ಲಿಗೆ ನಿಲ್ಲಿಸಬೇಡಿ. 1964ಕ್ಕಿಂತ ಹಿಂದಿನ ನೋಂದಣಿಯನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು, ಇಲ್ಲದಿದ್ದರೆ ಹಕ್ಕು ಹೋಗುತ್ತಿತ್ತು. ನವೀಕರಣದ ಸಾಲಿನಲ್ಲಿ ಅರ್ಜಿ ಹಾಕಿದವರ ಹೆಸರಿನ ಪಕ್ಕ ಒಂದಕ್ಷರ ಇರುತ್ತದೆ: ಎ ಅಂದರೆ ಬರೆದವರೇ, ಡಬ್ಲ್ಯು ಅಂದರೆ ಹೆಂಡತಿ ಅಥವಾ ಗಂಡ ತೀರಿಕೊಂಡು ಉಳಿದವರು, ಸಿ ಅಂದರೆ ಮಕ್ಕಳು. ಒಂದೇ ಅಕ್ಷರದಲ್ಲಿ ಒಂದು ಕುಟುಂಬದ ಸುದ್ದಿ. 1959ಕ್ಕೆ 28 ಕೂಡಿಸಿ 1987ರ ಪಟ್ಟಿ ನೋಡಿದೆ. ಕೋಳಿ ಹಾಡಿನ ಮುಂದೆ ಡಬ್ಲ್ಯು ಇತ್ತು. ಆ ಕೊಕ್ಕೊಕ್ಕೋವನ್ನು ಇಪ್ಪತ್ತೆಂಟು ವರ್ಷ ನೆನಪಿಟ್ಟುಕೊಂಡು, ಅರ್ಜಿ ತುಂಬಿ, ಶುಲ್ಕ ಕಟ್ಟಿದ ಒಬ್ಬ ಹೆಂಗಸು ಇದ್ದರು.

ಬರೆದವರ ಹೆಸರು ಸಿಕ್ಕಿ, ಅವರು ಬೇರೆ ಏನನ್ನೂ ಬರೆದಿಲ್ಲ ಅಂತಾದರೆ ಸಾಂಗ್-ಪೋಯಮ್ ಇರಬಹುದೇ ಅಂತ ಯೋಚಿಸಿ. 'ನಿಮ್ಮ ಕವಿತೆ ಕಳಿಸಿ, ಹಾಡು ಮಾಡಿಕೊಡುತ್ತೇವೆ' ಅಂತ ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಹವ್ಯಾಸಿಗಳಿಂದ ದುಡ್ಡು ಕಿತ್ತು, ಒಂದೇ ದಿನಕ್ಕೆ ಹತ್ತಾರು ಹಾಡು ಮುಗಿಸುತ್ತಿದ್ದ ವ್ಯಾಪಾರ ಅದು. ಅಲ್ಲಿ ಹಾಡಿದವರು ಕೂಲಿ ಗಾಯಕರು, ಕೆಲವರು ಹತ್ತಾರು ಹೆಸರಿನಲ್ಲಿ ಹಾಡಿದ್ದಾರೆ.

ಹಳೆಯ ಪತ್ರಿಕೆ, ಹಳೆಯ ಪಟ್ಟಿ

ಅಮೆರಿಕದ ಸಂಗೀತ ವ್ಯಾಪಾರದ ಪತ್ರಿಕೆ ಬಿಲ್‌ಬೋರ್ಡ್‌ನ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿವೆ, ಅಂಥದ್ದೇ ಇನ್ನೊಂದು ಪತ್ರಿಕೆ ಕ್ಯಾಶ್ ಬಾಕ್ಸ್ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಸಣ್ಣ ಲೇಬಲ್ ಆದರೂ ವಿಮರ್ಶೆಗೆ ಒಂದು ಪ್ರತಿ ಕಳಿಸಿರಬಹುದು, ಎಲ್ಲೋ ಮೂಲೆಯಲ್ಲಿ ಒಂದು ಸಾಲು ಬಂದಿರಬಹುದು. ಸ್ಕ್ಯಾನ್ ಮಾಡಿದ ಯಂತ್ರ ಅಕ್ಷರ ತಪ್ಪು ಓದುತ್ತದೆ, ಹಾಗಾಗಿ ಹಾಡಿನ ಹೆಸರಿನಿಂದ ಮಾತ್ರ ಹುಡುಕಬೇಡಿ. ಲೇಬಲ್ ಹೆಸರು ಮತ್ತು ಕ್ಯಾಟಲಾಗ್ ನಂಬರ್ ಜೋಡಿಸಿ ಹುಡುಕಿ. ಅದೂ ಆಗದಿದ್ದರೆ ಆ ವರ್ಷದ ವಿಮರ್ಶೆ ಪುಟಗಳನ್ನು ಕಣ್ಣಿನಿಂದಲೇ ಓದಿ. ಬೇಸರದ ಕೆಲಸ, ಆದರೆ ನಡುನಡುವೆ ಸಿಗುವ ಜಾಹೀರಾತುಗಳೇ ಸಂಬಳ.

78 ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆ ನಡೆಸುವ ಅಮೆರಿಕದ ಹಳೆಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಮ್ಯಾಟ್ರಿಕ್ಸ್ ನಂಬರ್ ಹಾಕಿ. ಎಷ್ಟೋ ಸಲ ರೆಕಾರ್ಡ್ ಮಾಡಿದ ದಿನ, ಊರು, ಎಷ್ಟನೇ ಟೇಕ್, ಎಲ್ಲ ಬರುತ್ತದೆ. 45ಕ್ಕೆ ಡಿಸ್ಕಾಗ್ಸ್ ಮತ್ತು 45ಕ್ಯಾಟ್ ಎಂಬ ಜಾಲತಾಣಗಳು. ಇವೆರಡನ್ನೂ ತುಂಬುವವರು ನಮ್ಮಂಥವರೇ ಅನ್ನುವುದು ನೆನಪಿರಲಿ. ಫೋಟೊ ಇಲ್ಲದ ನಮೂದನ್ನು ಸುದ್ದಿ ಅಂತ ತಿಳಿಯಿರಿ, ಸಾಕ್ಷಿ ಅಂತಲ್ಲ. ಮಾರುವವರು ಬರೆಯುವ 'ಜಗತ್ತಿನಲ್ಲಿ ಇದೊಂದೇ' ಅನ್ನುವುದನ್ನಂತೂ ಓದಲೇಬೇಡಿ.

ಊರು ಬೇರೆಯೇ ಇರಬಹುದು

ಲೇಬಲ್ ಯಾವ ದೇಶದ್ದೋ ಹಾಡೂ ಅಲ್ಲಿಯದೇ ಅಂತ ತಿಳಿಯುವುದು ಈ ದಾರಿಯ ದೊಡ್ಡ ಹಳ್ಳ. ಮಾತಿಲ್ಲದ ತಮಾಷೆಗೆ ಗಡಿ ಇಲ್ಲ. 1922ರಲ್ಲಿ ಅಮೆರಿಕದ ಓಕೆ ಕಂಪನಿ ಒಂದು ನಗುವ ತಟ್ಟೆ ತಂದಿತು. ಕಾರ್ನೆಟ್ ಎಂಬ ತುತ್ತೂರಿ ನುಡಿಸುವವನು ತಪ್ಪು ಮಾಡುತ್ತಾನೆ, ಒಬ್ಬ ಹೆಂಗಸು ನಕ್ಕುಬಿಡುತ್ತಾಳೆ, ಆಮೇಲೆ ಗಂಡಸೂ ನಗುತ್ತಾನೆ, ನಗು ನಿಲ್ಲುವುದೇ ಇಲ್ಲ. ಭರ್ಜರಿ ಮಾರಾಟವಾಯಿತು. ಆದರೆ ಅದನ್ನು ರೆಕಾರ್ಡ್ ಮಾಡಿದ್ದು ಜರ್ಮನಿಯಲ್ಲಿ, ಬೇಕಾ ಎಂಬ ಲೇಬಲ್‌ಗೆ. ಬೇಕಾ ಇದ್ದದ್ದು ಲಿಂಡ್‌ಸ್ಟ್ರೋಮ್ ಎಂಬ ದೊಡ್ಡ ಜರ್ಮನ್ ಕಂಪನಿಯ ಕೈಯಲ್ಲಿ, ಓಕೆಗೂ ಆ ಕಂಪನಿಗೂ ವ್ಯವಹಾರ ಇತ್ತು. ಹಾಗೆಯೇ 1955ರಲ್ಲಿ ಆರ್‌ಸಿಎ ತಂದ ಬೊಗಳುವ ನಾಯಿಗಳ ಕ್ರಿಸ್‌ಮಸ್ ಹಾಡು. ಆ ನಾಯಿಗಳು ಡೆನ್ಮಾರ್ಕಿನವು. ಹಕ್ಕಿಗಳ ದನಿ ಸಂಗ್ರಹಿಸುತ್ತಿದ್ದ ಕಾರ್ಲ್ ವೈಸ್‌ಮನ್ ಎಂಬವರು ಟೇಪ್ ಕತ್ತರಿಸಿ ಅಂಟಿಸಿ ಮಾಡಿದ್ದು.

ಹಾಗಾಗಿ ಡೆಡ್ ವ್ಯಾಕ್ಸ್‌ನಲ್ಲಿ ಆ ಲೇಬಲ್‌ನ ಉಳಿದ ತಟ್ಟೆಗಳಿಗೆ ಹೊಂದದ ನಂಬರ್ ಕಂಡರೆ ಖುಷಿಪಡಿ. ಅದೇ ನಂಬರನ್ನು ಬೇರೆ ದೇಶದ ಪಟ್ಟಿಗಳಲ್ಲಿ ಹುಡುಕಿ. ಲೇಬಲ್ ಬದಲಾದರೂ ಮ್ಯಾಟ್ರಿಕ್ಸ್ ನಂಬರ್ ಎಷ್ಟೋ ಸಲ ತಟ್ಟೆಯ ಜೊತೆಗೇ ಸಾಗರ ದಾಟಿರುತ್ತದೆ.

ಸಿಕ್ಕಿದ್ದನ್ನು ಬರೆದಿಡುವುದು

ಎರಡು ಬೇರೆ ಬೇರೆ ಕಡೆಯ ಸಾಕ್ಷಿ ಸಿಗುವವರೆಗೆ 'ಇರಬಹುದು' ಅಂತಲೇ ಬರೆಯಿರಿ. ಒಬ್ಬರು ಊಹಿಸಿದ್ದನ್ನು ಇನ್ನೊಬ್ಬರು ನಕಲು ಮಾಡಿ, ಮೂರನೆಯವರು ಅದನ್ನೇ ಪುರಾವೆ ಅಂತ ತೋರಿಸುವುದು ಈ ಲೋಕದಲ್ಲಿ ದಿನಾ ನಡೆಯುತ್ತದೆ. ಡಿಸ್ಕಾಗ್ಸ್‌ಗೆ ಸೇರಿಸುವಾಗ ರನ್‌ಔಟ್ ಫೋಟೊ ಹಾಕಿ, ಓದಲು ಬಾರದ ಅಕ್ಷರವನ್ನು ಬಾರದು ಅಂತಲೇ ನಮೂದಿಸಿ.

ಬರೆದವರ ಮನೆಯವರು ಪತ್ತೆಯಾದರೆ ಫೋನ್ ಮಾಡಿ ಬೆಚ್ಚಿಬೀಳಿಸಬೇಡಿ. ಒಂದು ಕಾಗದ ಬರೆಯಿರಿ. ನೀವು ಯಾರು, ತಟ್ಟೆ ಹೇಗೆ ಸಿಕ್ಕಿತು ಅಂತ ನಾಲ್ಕು ಸಾಲು, ಲೇಬಲ್‌ನ ಒಂದು ಫೋಟೊ. ಹಾಡಿನ ಪ್ರತಿ ಬೇಕಾದರೆ ಕಳಿಸುತ್ತೇನೆ ಅಂತ ಕೊನೆಯಲ್ಲಿ ಸೇರಿಸಿ. ಎಷ್ಟೋ ಮನೆಗಳಲ್ಲಿ ಆ ತಟ್ಟೆಯ ಒಂದು ಪ್ರತಿಯೂ ಉಳಿದಿರುವುದಿಲ್ಲ. ಉತ್ತರ ಬರದಿದ್ದರೆ ಎರಡನೇ ಕಾಗದ ಬೇಡ. ಬದುಕಿರುವವರ ಹೆಸರು, ವಿಳಾಸ ಎಲ್ಲೂ ಹಾಕಬೇಡಿ.

ನಾನು ಬರೆದ ಕಾಗದಕ್ಕೆ ಒಂದೂವರೆ ತಿಂಗಳಿಗೆ ಉತ್ತರ ಬಂತು, ಮಗಳಿಂದ. ಅಕಾರ್ಡಿಯನ್ ಅಪ್ಪನದು. ಕೋಳಿ ಅಮ್ಮನಂತೆ. ದನಿ ಗಂಡಸಿನದು ಅಂತ ನಾನೇ ಅಂದುಕೊಂಡಿದ್ದೆ.